ಅರ್ಧರಾತ್ರಿ ಕೊಡೆ ಹಿಡಿದವರು: ಖಳರನ್ನೂ ದೊಡ್ಡವರನ್ನೂ ಗೇಲಿ ಮಾಡುವ ಕಾದಂಬರಿಯನ್ನು ಓದುವ ಕ್ರಮ

ದುರ್ಗದ ಸೀಮೆಯ ಓದುಗರಿಗೆ ಕಾದಂಬರಿಯ ಖಳರು ಹೊಸಬರಲ್ಲ. ತ.ರಾ.ಸು. ಅವರ ಐತಿಹಾಸಿಕ ಕಾದಂಬರಿಗಳನ್ನು ಹರೆಯದಲ್ಲಿ ನಿದ್ದೆಗೆಟ್ಟು ಓದಿ, ದಳವಾಯಿ ಮುದ್ದಣ್ಣನ ಮೇಲೆ ಹಲ್ಲು ಕಡಿದು, ಮುಂದಿನ ರಜೆಯಲ್ಲಿ ಕೋಟೆ ಹತ್ತಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಕೃತಿಗಳಲ್ಲಿ ಖಳನನ್ನು ಕಂಡರೆ ಸಿಟ್ಟು ಬರಬೇಕು, ಬರುತ್ತದೆ. ಆದರೆ ಅದೇ ಓದುಗರ ಕೈಗೆ ಖಳನನ್ನೂ ಅಧಿಕಾರಸ್ಥರನ್ನೂ ನಗೆಯಿಂದಲೇ ಚುಚ್ಚುವ ಕಾದಂಬರಿಯನ್ನು ಕೊಟ್ಟರೆ, ಹೆಚ್ಚಿನವರು ಐವತ್ತು ಪುಟ ದಾಟುವ ಮೊದಲೇ ಅದನ್ನು ಮಡಚಿಡುತ್ತಾರೆ. ಕತೆ ಮುಂದಕ್ಕೆ ಸಾಗುವುದಿಲ್ಲ ಎಂಬುದು ಒಂದು ದೂರು. ಇಡೀ ಪುಸ್ತಕದಲ್ಲಿ ಒಬ್ಬ ಒಳ್ಳೆಯವನೂ ಸಿಗುವುದಿಲ್ಲ ಎಂಬುದು ಇನ್ನೊಂದು. ದಾವಣಗೆರೆಯಲ್ಲಿ ನಾವು ಐದಾರು ಜನ ಭಾನುವಾರದ ಸಂಜೆ ಒಂದು ಮನೆಯ ಪಡಸಾಲೆಯಲ್ಲಿ ಸೇರಿ ಇಂಥ ಪುಸ್ತಕಗಳನ್ನು ಓದುತ್ತೇವೆ. ಹಾಗೆ ಓದುತ್ತ, ಹಲವು ಸಲ ಎಡವುತ್ತ ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ ಪುಸ್ತಕದ ಆಯ್ಕೆ. ಗ್ರಂಥಾಲಯದಲ್ಲಾಗಲಿ ಅಂಗಡಿಯಲ್ಲಾಗಲಿ ಮೊದಲ ಪುಟವನ್ನು ಬಿಟ್ಟು ನಡುವಿನ ಯಾವುದಾದರೂ ಪುಟವನ್ನು ತೆರೆದು, ಒಂದು ಸಂಭಾಷಣೆಯನ್ನು ಪೂರ್ತಿಯಾಗಿ ಓದಿ ನೋಡಬೇಕು. ನಗು ಬರುವುದು ಪಾತ್ರಗಳ ವಿಚಿತ್ರ ಹೆಸರುಗಳಿಂದ, ಜಾರಿ ಬೀಳುವುದರಿಂದ, ಹೆಂಡತಿ ಬೈಯುವುದರಿಂದ ಮಾತ್ರ ಎಂದು ಕಂಡರೆ ಅದು ಬೇರೆ ಜಾತಿಯ ಪುಸ್ತಕ. ಅದನ್ನು ಬಸ್ಸಿನಲ್ಲಿ ಓದಬಹುದು. ನಮಗೆ ಬೇಕಾದ ಕಾದಂಬರಿಯಲ್ಲಿ ನಗುವಿನ ಹಿಂದೆ ಒಂದು ಕಚೇರಿಯೋ ದರವೋ ನಿಯಮವೋ ಇದ್ದೇ ಇರುತ್ತದೆ. ಅರ್ಜಿ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತು, ಅಲ್ಲಿ ಏಕೆ ನಿಂತಿತು ಎಂಬ ವಿವರ ಕಂಡರೆ ಆ ಪುಸ್ತಕವನ್ನು ನಿಶ್ಚಿಂತೆಯಿಂದ ಮನೆಗೆ ತರಬಹುದು.

ಇಂಥ ಕಾದಂಬರಿಗಳನ್ನು ಬರೆದವರಲ್ಲಿ ಹಲವರು ಸ್ವತಃ ಕಚೇರಿಯ ಉಪ್ಪು ತಿಂದವರು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಆ ಊರು 1997ರಿಂದ 2018ರವರೆಗೆ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇತ್ತಾದ್ದರಿಂದ ಅವರ ಮೇಲೆ ನಾವು ಇನ್ನೂ ಸ್ವಲ್ಪ ಹಕ್ಕು ಚಲಾಯಿಸುತ್ತೇವೆ. ಹಿಂದಿಯ ಶ್ರೀಲಾಲ್ ಶುಕ್ಲ ಉತ್ತರ ಪ್ರದೇಶದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದರು. ರಷ್ಯದ ಗೊಗೋಲ್ ಎಳೆಯ ವಯಸ್ಸಿನಲ್ಲಿ ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಸಣ್ಣ ಗುಮಾಸ್ತಿಕೆ ಮಾಡಿದ್ದರು. ಹೊರಗೆ ನಿಂತು ಬೈಯುವವನಿಗೆ ಅಧಿಕಾರದ ದರ್ಪ ಮಾತ್ರ ಕಾಣುತ್ತದೆ. ಒಳಗೆ ಕುಳಿತು ಕಡತ ಕಟ್ಟಿದವನಿಗೆ ಆ ದರ್ಪ ಬೆಳಿಗ್ಗೆ ಹತ್ತೂವರೆಗೆ ಹೇಗೆ ತಯಾರಾಗುತ್ತದೆ ಎಂಬುದೂ ಗೊತ್ತಿರುತ್ತದೆ.

ಎರಡನೆಯದು ಓದಿನ ವೇಗ. ದುರ್ಗದ ಕಾದಂಬರಿಯನ್ನು ಓದಿದ ಹಾಗೆ ಇದನ್ನು ಒಂದೇ ಉಸಿರಿಗೆ ಓದಬಾರದು. ಮಿರ್ಚಿಯೊಂದನ್ನೇ ಒಂದರ ಮೇಲೊಂದರಂತೆ ತಿಂದವನಿಗೆ ಮೂರನೆಯದರ ಹೊತ್ತಿಗೆ ನಾಲಿಗೆಯೇ ಇರುವುದಿಲ್ಲ. ನಡುನಡುವೆ ಹಿಡಿ ಮಂಡಕ್ಕಿ ಇರುವುದರಿಂದಲೇ ದಾವಣಗೆರೆಯವರು ಅದನ್ನು ನಿತ್ಯ ಸಂಜೆ ತಿಂದೂ ಬದುಕಿದ್ದಾರೆ. ಒಂದು ಸಲಕ್ಕೆ ಇಪ್ಪತ್ತು ಇಪ್ಪತ್ತೈದು ಪುಟ ಸಾಕು.

ಮೂರನೆಯ ಹೆಜ್ಜೆಗೆ ಸ್ವಲ್ಪ ಶ್ರಮ ಬೇಕು. ಕಾದಂಬರಿ ಯಾವ ವ್ಯವಸ್ಥೆಯನ್ನು ಗೇಲಿ ಮಾಡುತ್ತಿದೆಯೋ ಅದು ಹೇಗೆ ನಡೆಯುತ್ತಿತ್ತು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. ಇಲ್ಲವಾದರೆ ಅರ್ಧ ನಗು ಕೈತಪ್ಪುತ್ತದೆ. ಗೊಗೋಲ್ 1842ರಲ್ಲಿ ಪ್ರಕಟಿಸಿದ ‘ಡೆಡ್ ಸೋಲ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಚಿಚಿಕೋವ್ ಎಂಬ ನಯವಂತ ಮನುಷ್ಯ ಒಂದು ಊರಿಗೆ ಬಂದು, ಸುತ್ತಲಿನ ಜಮೀನ್ದಾರರಿಂದ ಸತ್ತುಹೋದ ಜೀತದಾಳುಗಳನ್ನು ಖರೀದಿಸಲು ಹೊರಡುತ್ತಾನೆ. ಇದು ಯಾವ ಹುಚ್ಚು ಎಂದು ನಮ್ಮ ಬಳಗದ ಇಬ್ಬರು ಮೊದಲ ವಾರವೇ ಕೈಚೆಲ್ಲಿದರು. ಆಗಿನ ರಷ್ಯದಲ್ಲಿ ಜಮೀನ್ದಾರರು ತಮ್ಮ ಗಂಡಾಳುಗಳ ಲೆಕ್ಕಕ್ಕೆ ತಲೆಗಂದಾಯ ಕಟ್ಟಬೇಕಿತ್ತು. ಆಳುಗಳ ಎಣಿಕೆ ಹಲವು ವರ್ಷಗಳಿಗೊಮ್ಮೆ ಮಾತ್ರ ನಡೆಯುತ್ತಿದ್ದುದರಿಂದ, ಎರಡು ಎಣಿಕೆಗಳ ನಡುವೆ ಸತ್ತವನು ಕಾಗದದಲ್ಲಿ ಬದುಕಿಯೇ ಇರುತ್ತಿದ್ದ. ಅವನ ಕಂದಾಯವೂ ನಿಲ್ಲುತ್ತಿರಲಿಲ್ಲ. ಹೀಗೆ ಕಾಗದದಲ್ಲಿ ಬದುಕಿರುವವರನ್ನು ಅಗ್ಗಕ್ಕೆ ಕೊಂಡು, ಅವರನ್ನು ಅಡವಿಟ್ಟು ಸರ್ಕಾರದ ಕಡೆಯಿಂದ ಸಾಲ ಎತ್ತುವುದು ಚಿಚಿಕೋವನ ಯೋಜನೆ.

ಇಷ್ಟನ್ನು ವಿವರಿಸಿದಾಗ, ಅದೇ ಇಬ್ಬರಲ್ಲಿ ಒಬ್ಬರು ತಮ್ಮ ಊರಿನ ಪಹಣಿಯಲ್ಲಿ ತಾತನ ಹೆಸರೇ ಇನ್ನೂ ಇದೆಯೆಂದೂ, ಪೌತಿ ಖಾತೆಗಾಗಿ ಅಲೆದು ಸಾಕಾಗಿದೆಯೆಂದೂ ಹೇಳಿ, ಚಿಚಿಕೋವ್ ಬಂದಿದ್ದರೆ ತಾತನನ್ನು ಒಳ್ಳೆಯ ಬೆಲೆಗೆ ಮಾರಬಹುದಿತ್ತು ಎಂದರು. ಅಲ್ಲಿಂದ ಮುಂದೆ ಪುಸ್ತಕ ತಾನಾಗಿಯೇ ಓಡಿತು. ಸೊಬಾಕೆವಿಚ್ ಎಂಬ ಜಮೀನ್ದಾರ ಸತ್ತ ಬಡಗಿಯ, ಸತ್ತ ಚಮ್ಮಾರನ ಕೈಕೆಲಸವನ್ನು ಹಾಡಿ ಹೊಗಳಿ, ತಲೆಗೆ 100 ರೂಬಲ್ ಕೇಳಿ, ಕೊನೆಗೆ ಎರಡೂವರೆ ರೂಬಲಿಗೆ ಇಳಿಯುವ ಚೌಕಾಸಿಯನ್ನು ಮಂಡಿಪೇಟೆಯ ವ್ಯಾಪಾರ ನೋಡಿದ ಯಾರೂ ನಗದೆ ಓದಲಾರರು. ಪರದೇಶದ ಕಾದಂಬರಿಯಾದರೆ, ಓದಲು ಕೂರುವ ಮುನ್ನ ಇಂಥ ಒಂದು ಪುಟದಷ್ಟು ಹಿನ್ನೆಲೆಯನ್ನು ಯಾರಾದರೊಬ್ಬರು ಸಿದ್ಧಪಡಿಸಿಕೊಂಡು ಬರುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಬೇಡ. ಹತ್ತು ಪುಟದ ಪೀಠಿಕೆ ಎಂಥ ಹಾಸ್ಯವನ್ನೂ ಕೊಲ್ಲುತ್ತದೆ.

ನಾಲ್ಕನೆಯದಾಗಿ, ಕತೆ ಹೇಳುವವನ ದನಿಗೆ ಕಿವಿಗೊಡಬೇಕು. ವಿಡಂಬನೆಯ ಕಾದಂಬರಿಕಾರ ಖಳನನ್ನು ಸಾಮಾನ್ಯವಾಗಿ ಬೈಯುವುದಿಲ್ಲ, ಹೊಗಳುತ್ತಾನೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ವ್ಯಾಜಸ್ತುತಿ ಎಂಬ ಹೆಸರೇ ಇದೆ, ಆದ್ದರಿಂದ ಇದು ನಮಗೆ ಹೊರಗಿನಿಂದ ಕಲಿಯಬೇಕಾದ ವಿದ್ಯೆಯಲ್ಲ. ಬಯಲಾಟ ನೋಡಿ ಬೆಳೆದವರಿಗಂತೂ ಇದು ಇನ್ನೂ ಸುಲಭ. ರಾಜನೋ ರಾಕ್ಷಸನೋ ರಂಗಕ್ಕೆ ಬಂದು ಅಬ್ಬರಿಸಿ ನಿಂತಾಗ, ಸಾರಥಿ ಬಹಳ ವಿನಯದಿಂದ ತಾವು ಯಾರು, ತಮ್ಮ ನಾಮಾಂಕಿತವೇನು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಅವನ ವಿನಯ ಹೆಚ್ಚಿದಷ್ಟೂ ದೊರೆಯ ಬಡಾಯಿ ಹೆಚ್ಚುತ್ತದೆ. ಬಡಾಯಿ ಹೆಚ್ಚಿದಷ್ಟೂ ಕಂಬಳಿ ಹೊದ್ದು ಕೂತ ಜನ ನಗುತ್ತಾರೆ. ಸಾರಥಿ ಒಂದು ಕೆಟ್ಟ ಮಾತನ್ನೂ ಆಡಿರುವುದಿಲ್ಲ.

ಹೆನ್ರಿ ಫೀಲ್ಡಿಂಗ್ ಎಂಬ ಇಂಗ್ಲಿಷ್ ಲೇಖಕ 1743ರಲ್ಲಿ ಪ್ರಕಟಿಸಿದ ‘ಜೊನಾಥನ್ ವೈಲ್ಡ್’ ಇಡಿಯಾಗಿ ಈ ಉಪಾಯದ ಮೇಲೆ ನಿಂತ ಕಾದಂಬರಿ. ವೈಲ್ಡ್ ನಿಜವಾಗಿ ಬದುಕಿದ್ದ ಕಳ್ಳರ ಯಜಮಾನ. ತನ್ನ ಕಡೆಯವರಿಂದ ಕಳವು ಮಾಡಿಸಿ, ಅದೇ ಮಾಲನ್ನು ಕಳೆದುಕೊಂಡವರಿಗೆ ಹುಡುಕಿ ಕೊಟ್ಟ ಹಾಗೆ ಮಾಡಿ ಹಣ ಪಡೆಯುವುದು, ಮಾತು ಕೇಳದ ಕಳ್ಳನನ್ನು ತಾನೇ ಹಿಡಿದು ಗಲ್ಲಿಗೆ ಒಪ್ಪಿಸುವುದು ಅವನ ವೃತ್ತಿಯಾಗಿತ್ತು. ಅವನನ್ನೂ 1725ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಫೀಲ್ಡಿಂಗ್ ಈ ಮನುಷ್ಯನನ್ನು ಆದಿಯಿಂದ ಅಂತ್ಯದವರೆಗೆ ದೊಡ್ಡವನು, ದೊಡ್ಡಸ್ತಿಕೆಯುಳ್ಳವನು ಎಂದೇ ಕರೆಯುತ್ತಾನೆ. ಆಗ ಇಂಗ್ಲೆಂಡಿನಲ್ಲಿ ಬಹುಕಾಲ ಅಧಿಕಾರ ನಡೆಸಿದ್ದ ರಾಬರ್ಟ್ ವಾಲ್ಪೋಲನನ್ನು ಅವನ ವಿರೋಧಿಗಳು ವ್ಯಂಗ್ಯವಾಗಿ ಕರೆಯುತ್ತಿದ್ದುದೂ ಅದೇ ಮಾತಿನಿಂದ. ಕನ್ನಡದಲ್ಲಿ ನಾವು ‘ಭಾರಿ ದೊಡ್ಡ ಮನುಷ್ಯ ಬಿಡಪ್ಪ’ ಎನ್ನುವಾಗ ಏನನ್ನು ಹೇಳುತ್ತೇವೆಯೋ ಅದನ್ನೇ ಫೀಲ್ಡಿಂಗ್ ಒಂದು ಕಾದಂಬರಿಯ ಉದ್ದಕ್ಕೆ ಹೇಳಿದ್ದಾನೆ.

ಅಭ್ಯಾಸಕ್ಕಾಗಿ ಹೀಗೆ ಮಾಡಬಹುದು. ಒಂದು ಅಧ್ಯಾಯದಲ್ಲಿ ಮಹಾನ್, ಸನ್ಮಾನ್ಯ, ಧೀಮಂತ, ಕೊಡುಗೈ ಎಂಬಂಥ ಮಾತುಗಳು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು (ಗ್ರಂಥಾಲಯದ ಪುಸ್ತಕವಾದರೆ ದಯವಿಟ್ಟು ಬೇರೆ ಚೀಟಿಯಲ್ಲಿ), ಆ ಮಾತಿನ ಮರುಸಾಲಿನಲ್ಲಿ ಆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ನೋಡಬೇಕು. ಮಾತು ಒಂದು ಕಡೆ, ಕೆಲಸ ಒಂದು ಕಡೆ ಹೋಗುವ ಜಾಗವೇ ಲೇಖಕ ಹೂತಿಟ್ಟ ನಗು. ನಮ್ಮಲ್ಲಿ ಯಾರಿಗಾದರೂ ಇದು ಹಿಡಿಯಲಿಲ್ಲವೆಂದರೆ, ಮನೆಯ ಗೋಡೆಯ ಮೇಲಿರುವ ಯಾವುದಾದರೂ ಸನ್ಮಾನ ಪತ್ರವನ್ನು ಮುಖ ಗಂಟಿಕ್ಕಿಕೊಂಡು ಗಟ್ಟಿಯಾಗಿ ಓದಲು ಹೇಳುತ್ತೇವೆ. ನಾನೂ ಹಿಂದೆ ಒಬ್ಬರಿಗೆ ಇಂಥ ಪತ್ರ ಬರೆದುಕೊಟ್ಟಿದ್ದೆ; ‘ಬಡವರ ಬಂಧು’ ಎಂಬಲ್ಲಿ ನನಗೇ ಕೈ ತಡೆದಿತ್ತು, ಆದರೂ ಬರೆದೆ.

ಐದನೆಯ ಹೆಜ್ಜೆ ಗಟ್ಟಿಯಾಗಿ ಓದುವುದು. ಒಬ್ಬರೇ ಓದುವವರೂ ಸಂಭಾಷಣೆಯನ್ನಾದರೂ ಬಾಯಿಬಿಟ್ಟು ಓದಬೇಕು. ಅಧಿಕಾರದಲ್ಲಿರುವ ಪಾತ್ರ ಯಾವಾಗ ಮನೆಮಾತನ್ನು ಬಿಟ್ಟು ವೇದಿಕೆಯ ಮಾತಿಗೆ ಏರುತ್ತದೆ, ಯಾವಾಗ ಹೆದರಿಕೆಯಲ್ಲಿ ಮತ್ತೆ ಮನೆಮಾತಿಗೆ ಇಳಿಯುತ್ತದೆ ಎಂಬುದು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ದಾವಣಗೆರೆಯವರಿಗೆ ಇದರಲ್ಲಿ ಒಂದು ಅನುಕೂಲವಿದೆ: ಹರಿಹರದ ಕಡೆಯ ‘ಐತಿ’, ಹಿರಿಯೂರಿನ ಕಡೆಯ ‘ಐತೆ’, ಕಚೇರಿಯ ‘ಇರುತ್ತದೆ’ ಮೂರನ್ನೂ ನಾವು ಒಂದೇ ದಿನದಲ್ಲಿ ಕೇಳುತ್ತೇವೆ. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯ ಆಟಗಳನ್ನು ನೋಡಿದ ಹಿರಿಯರು ಓದಲು ಕುಳಿತರಂತೂ, ಖಳನ ಮಾತಿನ ನಡುವೆ ಎಲ್ಲಿ ನಿಲ್ಲಿಸಿದರೆ ನಗು ಬರುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಹೆಜ್ಜೆ. ಅದನ್ನು ನಮಗೆ ಹೇಳಿಕೊಟ್ಟವರು ಬಳಗದ ಹಿರಿಯರೊಬ್ಬರು. ಅವರು ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದು ಈಗ ವಿಶ್ರಾಂತಿಯಲ್ಲಿದ್ದಾರೆ. ಒಂದು ಸಂಜೆ ನಾವೆಲ್ಲ ಕಾದಂಬರಿಯೊಂದರ ಪುಢಾರಿಯ ಮೇಲೆ ಬಿದ್ದು, ಅವನ ದುರಾಸೆ, ಅವನ ಜಂಬ ಎಂದು ಮಾತನಾಡುತ್ತಿದ್ದೆವು. ಯಾರೋ ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ’ ಎಂಬ ಗಾದೆಯನ್ನೂ ಹೇಳಿ ಮುಗಿಸಿದರು. ಆಗ ಅವರು, “ಅವನ್ನ ಬಿಡ್ರಿ ಸರ, ಅವ ಹೆಂಗಿದ್ರೂ ಅಂಥವನ. ಅರ್ಧರಾತ್ರ್ಯಾಗ ನಿದ್ದಿ ಬಿಟ್ಟು ಎದ್ದು ಬಂದು ಕೊಡಿ ಹಿಡದಾನಲ್ಲ, ಅವ ಯಾರು ಹೇಳ್ರಿ ನೋಡಾನ?” ಎಂದರು.

ಆ ಗಾದೆಯನ್ನು ನಾನು ‘ಕೊಡೆ ಹಿಡಿದನಂತೆ’ ಎಂದೂ ‘ಕೊಡೆ ಹಿಡಿಸಿಕೊಂಡನಂತೆ’ ಎಂದೂ ಎರಡು ಬಗೆಯಲ್ಲಿ ಕೇಳಿದ್ದೆನಾದರೂ, ಎರಡರ ನಡುವೆ ಒಬ್ಬ ಮನುಷ್ಯನಷ್ಟು ಅಂತರವಿದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ತಾನೇ ಹಿಡಿದನೆಂದರೆ ಅಲ್ಪನೊಬ್ಬನ ಹುಚ್ಚು. ಹಿಡಿಸಿಕೊಂಡನೆಂದರೆ ಮಳೆಯೂ ಬಿಸಿಲೂ ಇಲ್ಲದ ಹೊತ್ತಿನಲ್ಲಿ ಅವನ ತಲೆಯ ಮೇಲೆ ಕೊಡೆ ಬಿಚ್ಚಿ, ಇದು ಸರಿಯಾಗಿಯೇ ಇದೆ ಎಂಬ ಮುಖ ಮಾಡಿಕೊಂಡು ಪಕ್ಕದಲ್ಲಿ ನಡೆದ ಇನ್ನೊಬ್ಬನಿದ್ದಾನೆ. ಒಳ್ಳೆಯ ವಿಡಂಬನೆಯ ಕಾದಂಬರಿ ಬರೆಯುವವನ ಕಣ್ಣು ಈ ಎರಡನೆಯವನ ಮೇಲೆ ಇರುತ್ತದೆ. ಖಳನೊಬ್ಬನನ್ನೇ ನೋಡುತ್ತ ಓದಿದರೆ ಮೂರನೆಯ ಅಧ್ಯಾಯಕ್ಕೆ ಬೇಸರ ಬರುವುದು ಸಹಜ, ಏಕೆಂದರೆ ಅವನು ಬದಲಾಗುವುದಿಲ್ಲ. ಕೊಡೆ ಹಿಡಿದವರು ಮಾತ್ರ ಪುಟಪುಟಕ್ಕೂ ಹೊಸಬರು.

ಆದ್ದರಿಂದ ಪ್ರತಿ ಅಧ್ಯಾಯ ಮುಗಿದ ಮೇಲೆ ಒಂದು ಪಟ್ಟಿ ಬರೆಯಬೇಕು: ಈ ಅಧ್ಯಾಯದಲ್ಲಿ ಕೊಡೆ ಹಿಡಿದವರು ಯಾರು, ಅವರಿಗೆ ಅದರಿಂದ ಏನು ಸಿಕ್ಕಿತು. ಶ್ರೀಲಾಲ್ ಶುಕ್ಲರ 1968ರ ‘ರಾಗ್ ದರ್ಬಾರಿ’ಯನ್ನು ಹೀಗೆ ಓದಿದಾಗ ನಮ್ಮ ಪಟ್ಟಿ ಎರಡು ಹಾಳೆ ತುಂಬಿತು. ಶಿವಪಾಲ್‌ಗಂಜ್ ಎಂಬ ಊರಿನಲ್ಲಿ ಕಾಲೇಜು, ಸಹಕಾರ ಸಂಘ, ಪಂಚಾಯಿತಿ ಎಲ್ಲವೂ ವೈದ್ಯಜಿ ಎಂಬವರ ಅಂಗೈಯಲ್ಲಿವೆ. ಆದರೆ ವೈದ್ಯಜಿ ಹೆಚ್ಚು ಮಾತನಾಡುವವರೇ ಅಲ್ಲ. ಅವರ ಬದಲಿಗೆ ಕಾಲೇಜಿನ ಪ್ರಿನ್ಸಿಪಾಲರು ಮಾತನಾಡುತ್ತಾರೆ, ಗಂಡುಮಕ್ಕಳು ಮಾತನಾಡುತ್ತಾರೆ, ಚಡ್ಡಿ ಬನಿಯನ್ನಿನಲ್ಲಿ ಬಾಗಿಲ ಬಳಿ ಕೂತು ಭಂಗಿ ಅರೆಯುವ ಸನೀಚರ್ ಮಾತನಾಡುತ್ತಾನೆ. ಕೊನೆಗೆ ಅದೇ ಸನೀಚರನೇ ಊರಿನ ಪ್ರಧಾನನಾಗುತ್ತಾನೆ. ಎಂ.ಎ. ಓದಿ, ಆರೋಗ್ಯ ಸುಧಾರಿಸಿಕೊಳ್ಳಲು ಸೋದರಮಾವನ ಮನೆಗೆ ಬಂದಿರುವ ರಂಗನಾಥ ಇದನ್ನೆಲ್ಲ ನೋಡುತ್ತಾನೆ, ನೊಂದುಕೊಳ್ಳುತ್ತಾನೆ, ಊಟದ ಹೊತ್ತಿಗೆ ಒಳಗೆ ಹೋಗುತ್ತಾನೆ. ಅವನನ್ನು ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದರ ಮೇಲೆ ನಮ್ಮಲ್ಲಿ ಎರಡು ವಾರ ವಾದ ನಡೆಯಿತು. ಓದಿದವರು, ಪತ್ರಿಕೆ ತರಿಸುವವರು ಎಲ್ಲರೂ ಬೇಡವೆಂದರು.

ನಗು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಬೇಕು, ಅದು ಆರರ ಮೇಲಿನ ಹೆಜ್ಜೆ. ಅದೇ ಕಾದಂಬರಿಯಲ್ಲಿ ಲಂಗಡ್ ಎಂಬ ಕುಂಟ ಬಡವ ತಹಸೀಲಿ ಕಚೇರಿಯಿಂದ ಒಂದು ಕಾಗದದ ನಕಲು ಪಡೆಯಬೇಕಾಗಿದೆ. ಗುಮಾಸ್ತ ಕೇಳಿದ ಲಂಚದ ಮೊತ್ತದ ಬಗ್ಗೆ ಜಗಳವಾಗಿ, ಲಂಚ ಕೊಡದೆ ನಿಯಮದಂತೆಯೇ ಪಡೆಯುತ್ತೇನೆಂದು ಇವನೂ, ಲಂಚ ಮುಟ್ಟದೆ ನಿಯಮದಂತೆಯೇ ಕೊಡುತ್ತೇನೆಂದು ಅವನೂ ಹಟ ತೊಡುತ್ತಾರೆ. ನಿಯಮದಂತೆ ಹೊರಟ ಮೇಲೆ ನಕಲು ಅವನ ಕೈಸೇರುವುದೇ ಇಲ್ಲ. ಮೊದಲ ಸಲ ಅವನು ಬಂದಾಗ ನಾವು ನಕ್ಕೆವು, ಎರಡನೆಯ ಸಲವೂ ನಕ್ಕೆವು; ನಾಲ್ಕನೆಯ ಸಲ ಓದುತ್ತಿದ್ದವರ ದನಿಯೇ ತಗ್ಗಿತು. ಅದೇ ಮಾತು, ಅದೇ ಕಚೇರಿ, ಅದೇ ಮನುಷ್ಯ. ಇಂಥ ಜಾಗ ಬಂದಾಗ ಮುಂದಕ್ಕೆ ಓಡದೆ, ಆ ದಿನದ ಓದನ್ನು ಅಲ್ಲಿಗೇ ನಿಲ್ಲಿಸುವುದು ನಮ್ಮ ಪದ್ಧತಿ.

ಇದರ ಜೊತೆಗೇ ಇನ್ನೊಂದು ಎಚ್ಚರ ಬೇಕು. ಹಳೆಯ ವಿಡಂಬನೆಗಳು ದೊಡ್ಡವರನ್ನು ಗೇಲಿ ಮಾಡುತ್ತ ಮಾಡುತ್ತ, ಕೈ ಜಾರಿ ಹೆಂಗಸರನ್ನೋ ಕೀಳೆನಿಸಿದ ಜಾತಿಯವರನ್ನೋ ಅಂಗವಿಕಲರನ್ನೋ ಗೇಲಿ ಮಾಡಿಬಿಡುತ್ತವೆ. ಲಂಗಡ್ ಎಂಬ ಹೆಸರೇ ಅವನ ಕುಂಟುತನದ ಮೇಲೆ ಬಿದ್ದದ್ದು. ಅಂಥ ಸಾಲಿನ ಪಕ್ಕದಲ್ಲಿ ಒಂದು ಕತ್ತರಿ ಗುರುತು ಹಾಕಿ, ಅಲ್ಲಿ ನಗದೆ ಮುಂದೆ ಹೋಗಬಹುದು. ಲೇಖಕನ ಮೇಲೆ ಗೌರವವಿದ್ದ ಮಾತ್ರಕ್ಕೆ ಅವನ ಪ್ರತಿ ಸಾಲಿಗೂ ನಗಬೇಕೆಂಬ ಕಟ್ಟಳೆ ಇಲ್ಲ.

ನಮ್ಮ ಊರುಗಳಲ್ಲಿ ಮಾತ್ರ ತಪ್ಪಿಸಲಾಗದ ಒಂದು ಚಟವಿದೆ: ‘ಇವನು ನಮ್ಮಲ್ಲಿ ಯಾರು?’ ಎಂದು ಹುಡುಕುವುದು. ಪುಸ್ತಕದ ಪುಢಾರಿಗೆ ಬಿಳಿ ಕಾರಿದ್ದರೆ ಸಾಕು, ಯಾರದೋ ಹೆಸರು ಪಡಸಾಲೆಗೆ ಬರುತ್ತದೆ. ಒಂದು ಸಂಜೆಯ ಮಟ್ಟಿಗೆ ಇದು ಖುಷಿಯ ಆಟವೇ. ಆದರೆ ಹೆಸರು ಸಿಕ್ಕಿದ ಕೂಡಲೇ ಓದು ನಿಂತು ಊರಿನ ಸುದ್ದಿ ಶುರುವಾಗುವುದರಿಂದ, ನಾವು ಇದಕ್ಕೆ ಕೊನೆಯ ಹತ್ತು ನಿಮಿಷವನ್ನು ಮೀಸಲಿಟ್ಟಿದ್ದೇವೆ. ವಾಲ್ಪೋಲ್ 1742ರಲ್ಲೇ ಅಧಿಕಾರ ಬಿಟ್ಟಿದ್ದ. ಫೀಲ್ಡಿಂಗನ ಕಾದಂಬರಿ ಅಚ್ಚಾಗಿ ಬರುವಷ್ಟರಲ್ಲಿ ಅವನು ಮಾಜಿ. ಅವನೊಬ್ಬನ ಮೇಲೆ ಬರೆದದ್ದಾಗಿದ್ದರೆ ಪುಸ್ತಕ ಅಂದೇ ಹಳಸಬೇಕಿತ್ತು. ಅಂದಹಾಗೆ, ಅಧಿಕಾರದಲ್ಲಿದ್ದವರೆಲ್ಲ ನಗುವಿಗೆ ಹೆದರುವವರೆಂದು ತಿಳಿಯಬೇಕಾಗಿಲ್ಲ. ಈ ಜಿಲ್ಲೆಯನ್ನು ಮಾಡಿದ ಮುಖ್ಯಮಂತ್ರಿ, ಚನ್ನಗಿರಿ ಸೀಮೆಯ ಜೆ.ಎಚ್. ಪಟೇಲರು, ತಮ್ಮ ಹಾಸ್ಯಪ್ರಜ್ಞೆಗೇ ಹೆಸರಾದವರು.

ಕಾದಂಬರಿಯ ಕೊನೆಗೆ ಬಂದಾಗ ದುಷ್ಟಶಿಕ್ಷೆಯನ್ನು ನಿರೀಕ್ಷಿಸಬಾರದು. ಚಿಚಿಕೋವ್ ಸಿಕ್ಕಿಬೀಳುವ ಮೊದಲೇ ಗಾಡಿ ಹತ್ತಿ ಊರು ಬಿಡುತ್ತಾನೆ. ಗೊಗೋಲ್ ಎರಡನೆಯ ಭಾಗವನ್ನು ಬರೆದು, 1852ರಲ್ಲಿ ತಾವು ಸಾಯುವ ಕೆಲವೇ ದಿನ ಮೊದಲು ಅದರ ಹಸ್ತಪ್ರತಿಯನ್ನು ಬೆಂಕಿಗೆ ಹಾಕಿದರು. ವೈಲ್ಡ್‌ನಿಗೆ ಗಲ್ಲಾಗುತ್ತದೆ ನಿಜ, ಆದರೆ ಗಲ್ಲುಕಂಬದ ಕೆಳಗೆ ನಿಂತಾಗಲೂ ತನಗಾಗಿ ಪ್ರಾರ್ಥಿಸಲು ಬಂದ ಪಾದ್ರಿಯ ಜೇಬಿನಿಂದ ಬಾಟಲಿಯ ಬಿರಡೆ ತೆಗೆಯುವ ತಿರುಪನ್ನು ಕದ್ದು, ಅದನ್ನು ಹಿಡಿದುಕೊಂಡೇ ಹೋಗುತ್ತಾನೆ. ಪಾದ್ರಿಯ ಜೇಬಿನಲ್ಲಿ ಅದು ಏಕಿತ್ತು ಎಂಬ ಪ್ರಶ್ನೆಯನ್ನು ಫೀಲ್ಡಿಂಗ್ ನಮಗೇ ಬಿಟ್ಟಿದ್ದಾನೆ. ನಮ್ಮ ಪಟ್ಟಿಗೆ ಆ ಪಾದ್ರಿಯೂ ಸೇರಿದ.

ಮುಗಿದ ಮೇಲೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು, ಅದಕ್ಕೆ ಅರ್ಧ ಗಂಟೆ ಸಾಕು. ಮೊದಲ ಓದಿಗೆ ಬರಿಯ ವರ್ಣನೆಯಂತೆ ಕಂಡ ಸಾಲುಗಳಲ್ಲಿ ಕೊಡೆಗಳು ಆಗಲೇ ಬಿಚ್ಚಿಕೊಂಡಿರುವುದು ಕಾಣುತ್ತದೆ. ಆಮೇಲೆ ಬಿಡಿಬಿಡಿ ಚೀಟಿಗಳಲ್ಲಿರುವ ಹೆಸರುಗಳನ್ನು ಒಂದೇ ಹಾಳೆಗೆ ಇಳಿಸಿ ಪುಸ್ತಕದೊಳಗೆ ಇಟ್ಟುಬಿಡಬೇಕು. ಶಿವಪಾಲ್‌ಗಂಜಿನ ಹಾಳೆಯನ್ನು ನಾನು ಬರೆದು, ಸರಿಯಿದೆಯೇ ನೋಡಿ ಎಂದು ಆ ಹಿರಿಯರ ಕೈಗೆ ಕೊಟ್ಟಿದ್ದೆ. ಮುಂದಿನ ಭಾನುವಾರ ಅವರು ಅದನ್ನು ಮಡಚಿ ಹಿಂದಕ್ಕೆ ಕೊಟ್ಟರು. ಮನೆಗೆ ಬಂದು ಬಿಚ್ಚಿ ನೋಡಿದರೆ, ಸನೀಚರ್ ಮತ್ತು ಪ್ರಿನ್ಸಿಪಾಲರ ಕೆಳಗೆ, ಖಾತೆ ಪುಸ್ತಕ ಬರೆದು ಪಳಗಿದ ದುಂಡನೆಯ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು: ‘ಅಡತಿ ಅಂಗಡಿ ಗುಮಾಸ್ತ, 31 ವರ್ಷ.’ ಅದರ ಕೆಳಗೆ ಇನ್ನೂ ಒಂದು ಸಾಲಿಗೆ ಆಗುವಷ್ಟು ಜಾಗವನ್ನು ಬಿಟ್ಟಿದ್ದರು.